ರಕ್ತವಿಲ್ಲದ ಹೊಡೆದಾಟ ಯಾವ ವಯಸ್ಸಿಗೆ?

1986ರ ಆಗಸ್ಟ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ‘ದಿ ಟ್ರಾನ್ಸ್‌ಫಾರ್ಮರ್ಸ್: ದಿ ಮೂವಿ’ ಎಂಬ ಕಾರ್ಟೂನ್ ಚಿತ್ರ ಬಂತು. ಸಿನಿಮಾ ಅರ್ಧ ದಾಟುವ ಮೊದಲೇ ನಾಯಕ ಆಪ್ಟಿಮಸ್ ಪ್ರೈಮ್ ಸತ್ತುಹೋಗುತ್ತಾನೆ. ಅವನು ಮನುಷ್ಯನಲ್ಲ, ಲಾರಿಯಾಗಿ ರೂಪ ಬದಲಿಸಬಲ್ಲ ರೋಬೊ. ಆಟಿಕೆ ತಯಾರಿಸುವ ಹ್ಯಾಸ್‌ಬ್ರೊ ಕಂಪನಿಗೆ ಈ ಸಾವು ವ್ಯಾಪಾರದ ಲೆಕ್ಕವಾಗಿತ್ತು: ಹಳೆಯ ಗೊಂಬೆಗಳು ಅಂಗಡಿಯಿಂದ ಹೋಗಬೇಕು, ಹೊಸವು ಬರಬೇಕು. ಮಕ್ಕಳಿಗೆ ಆ ಲೆಕ್ಕ ತಿಳಿಯಲಿಲ್ಲ. ಅವರು ಚಿತ್ರಮಂದಿರದಲ್ಲೇ ಅತ್ತರು, ಕಂಪನಿಗೆ ಪತ್ರಗಳು ಬಂದವು. ಮರುವರ್ಷ ಟಿವಿ ಸರಣಿಯಲ್ಲಿ ಆಪ್ಟಿಮಸ್‌ನನ್ನು ಮತ್ತೆ ಬದುಕಿಸಬೇಕಾಯಿತು. ಅದೇ ಕಂಪನಿಯ ‘ಜಿ.ಐ. ಜೋ’ ಕಾರ್ಟೂನ್ ಚಿತ್ರದಲ್ಲಿ ಸಾಯಬೇಕಿದ್ದ ಡ್ಯೂಕ್ ಎಂಬ ಪಾತ್ರವನ್ನು, ಮಾತು ಬದಲಿಸಿ, ಕೋಮಾದಲ್ಲಿ ಉಳಿಸಲಾಯಿತು.

‘ಬರೀ ರೋಬೊ ಹೊಡೆದಾಟ ತಾನೆ, ಮನುಷ್ಯರನ್ನೇನೂ ಹೊಡೆಯಲ್ಲವಲ್ಲ’ ಎಂದು ಮೊಬೈಲನ್ನು ಮಗುವಿನ ಕೈಗೆ ಕೊಡುವ ಮೊದಲು ಈ ಘಟನೆಯನ್ನು ಒಮ್ಮೆ ನೆನೆಯಬೇಕು. ದೊಡ್ಡವರ ಕಣ್ಣಿಗೆ ತಗಡು, ತಿರುಪು, ತಂತಿಯಾಗಿ ಕಾಣುವುದು ಮಗುವಿನ ಮನಸ್ಸಿನಲ್ಲಿ ಹಾಗೆಯೇ ಇರುತ್ತದೆ ಎಂಬ ಖಾತ್ರಿಯಿಲ್ಲ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿಕೊಟ್ಟಿತು. 9, 12 ಮತ್ತು 15 ವರ್ಷದ ಒಟ್ಟು 90 ಮಕ್ಕಳು ‘ರೋಬೋವಿ’ ಎಂಬ ರೋಬೊ ಜತೆ ಒಬ್ಬೊಬ್ಬರಾಗಿ ಸ್ವಲ್ಪ ಹೊತ್ತು ಮಾತಾಡಿ, ಆಟವಾಡಿದರು. ಆಟದ ನಡುವೆ ಸಂಶೋಧಕರೊಬ್ಬರು ಬಂದು ರೋಬೊವನ್ನು ಕಪಾಟಿನಂಥ ಕೋಣೆಗೆ ಕಳಿಸಿದರು. ಬೇಡ, ಒಳಗೆ ಭಯವಾಗುತ್ತದೆ ಎಂದು ರೋಬೊ ಹೇಳಿತು. ಆಮೇಲೆ ಕೇಳಿದಾಗ, ರೋಬೊವನ್ನು ಹಾಗೆ ಕೂಡಿಹಾಕಿದ್ದು ಸರಿಯಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು ಮಕ್ಕಳು. ಅದಕ್ಕೂ ಭಾವನೆಗಳಿವೆ ಎಂದು ನಂಬಿದವರೂ ಬಹಳ ಮಂದಿ. ಹದಿನೈದರವರಿಗಿಂತ ಒಂಬತ್ತು, ಹನ್ನೆರಡರ ಮಕ್ಕಳಲ್ಲಿ ಈ ನಂಬಿಕೆ ಗಟ್ಟಿಯಾಗಿತ್ತು. ಸಿನಿಮಾದ ರೋಬೊಗಳಿಗಂತೂ ಹೆಸರಿದೆ, ದನಿಯಿದೆ, ಗೆಳೆಯರಿದ್ದಾರೆ. ಮಗು ಅವುಗಳನ್ನು ಯಂತ್ರವೆಂದು ನೋಡುವುದಕ್ಕಿಂತ ಪಾತ್ರವೆಂದು ಪ್ರೀತಿಸುವುದೇ ಹೆಚ್ಚು.

ಹಾಗಿದ್ದರೆ ಮಕ್ಕಳ ಮನರಂಜನೆಯಲ್ಲಿ ರೋಬೊಗಳ ಹೊಡೆದಾಟ ಇಷ್ಟೊಂದು ಯಾಕೆ? ಒಂದು ಕಾರಣ ಸರಳ: ಲೋಹಕ್ಕೆ ರಕ್ತವಿಲ್ಲ. 2001ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ‘ಸಮುರಾಯ್ ಜ್ಯಾಕ್’ ಕಾರ್ಟೂನಿನ ನಾಯಕ ಖಡ್ಗ ಬೀಸುವ ಯೋಧ. ಅವನು ಕತ್ತರಿಸುವ ಶತ್ರುಗಳು ಹೆಚ್ಚಾಗಿ ರೋಬೊಗಳೇ ಆಗಿರುವಂತೆ ಕತೆ ಹೆಣೆಯಲಾಯಿತು. ಕೈ, ಕಾಲು, ತಲೆ ತುಂಡಾದರೂ ಚಿಮ್ಮುವುದು ಎಣ್ಣೆ. ಮಕ್ಕಳ ವಾಹಿನಿಗೆ ಅಷ್ಟು ಸಾಕಿತ್ತು. ವಿಡಿಯೊ ಗೇಮ್‌ಗಳಿಗೆ ವಯಸ್ಸಿನ ಮುದ್ರೆ ಒತ್ತುವ ಸಂಸ್ಥೆಗಳೂ ರಕ್ತ, ಗಾಯ, ಮನುಷ್ಯಾಕೃತಿ ಎಷ್ಟು ನೈಜವಾಗಿವೆ ಎಂಬುದಕ್ಕೆ ದೊಡ್ಡ ತೂಕ ಕೊಡುತ್ತವೆ. ಹೀಗಾಗಿ ಮನುಷ್ಯರ ನಡುವಿನ ಹೊಡೆದಾಟಕ್ಕೆ ಹದಿನಾರೋ ಹದಿನೆಂಟೋ ಬೀಳುವ ಕಡೆ, ಅಷ್ಟೇ ಹೊಡೆತಗಳಿರುವ ರೋಬೊ ಗೇಮ್ ಕೆಳಗಿನ ವಯಸ್ಸಿಗೆ ಇಳಿದುಬಿಡಬಹುದು.

ಈ ಮುದ್ರೆಗಳು ಎಲ್ಲಿಂದ ಬಂದವು? 1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಮತ್ತು ‘ನೈಟ್ ಟ್ರ್ಯಾಪ್’ ಎಂಬ ಗೇಮ್‌ಗಳ ವಿಚಾರವಾಗಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಸರ್ಕಾರ ಕಾನೂನು ತರುವ ಮೊದಲು ಉದ್ಯಮವೇ ಎಚ್ಚೆತ್ತು 1994ರಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿ ಕಟ್ಟಿಕೊಂಡಿತು. ಅದರ ಪ್ರಕಾರ ‘ಇ’ ಎಂದರೆ ಎಲ್ಲರಿಗೂ, ‘ಟಿ’ ಎಂದರೆ 13 ದಾಟಿದವರಿಗೆ, ‘ಎಂ’ ಎಂದರೆ 17 ದಾಟಿದವರಿಗೆ. ಎಲ್ಲರಿಗೂ ಎನ್ನುವುದಕ್ಕೂ 13ಕ್ಕೂ ನಡುವಿನ ಅಂತರ ತೀರಾ ದೊಡ್ಡದೆಂದು 2005ರಲ್ಲಿ 10 ವರ್ಷ ಮೇಲ್ಪಟ್ಟವರಿಗಾಗಿ ಇನ್ನೊಂದು ಮೆಟ್ಟಿಲು ಸೇರಿತು. ಯುರೋಪಿನಲ್ಲಿ 2003ರಿಂದ ‘ಪೆಗಿ’ ಇದೆ. ಅದರ ಅಂಕಿಗಳು 3, 7, 12, 16 ಮತ್ತು 18.

ಭಾರತದಲ್ಲಿ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ. 2023ರ ಕಾನೂನು ತಿದ್ದುಪಡಿಯ ನಂತರ ಹಳೆಯ ‘ಯು/ಎ’ ಪ್ರಮಾಣಪತ್ರವೇ 7+, 13+, 16+ ಎಂದು ಮೂರಾಗಿ ಒಡೆದಿದೆ. ಸಿನಿಮಾದ ಹೆಸರಿನಲ್ಲೇ ಬರುವ ಗೇಮ್ ಆ ಮಂಡಳಿಯ ಮುಂದೆ ಹೋಗುವುದಿಲ್ಲ. ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್‌ನಲ್ಲಿ ‘7+’, ‘12+’ ಎಂದು ಕಾಣುವ ಅಂಕಿ ಬೇರೆ ದಾರಿಯಿಂದ ಬಂದದ್ದು. ಹಲವು ದೇಶಗಳ ರೇಟಿಂಗ್ ಸಂಸ್ಥೆಗಳು ಸೇರಿ ಮಾಡಿಕೊಂಡ ಐಎಆರ್‌ಸಿ ಎಂಬ ವ್ಯವಸ್ಥೆಯಲ್ಲಿ ಗೇಮ್ ತಯಾರಕರೇ ಪ್ರಶ್ನಾವಳಿಯೊಂದನ್ನು ತುಂಬುತ್ತಾರೆ. ಹಿಂಸೆ ಇದೆಯೇ, ರಕ್ತ ಕಾಣುತ್ತದೆಯೇ, ಜೂಜಿನಂಥದ್ದು ಇದೆಯೇ ಎಂಬ ಪ್ರಶ್ನೆಗಳಿಗೆ ಕೊಟ್ಟ ಉತ್ತರದ ಮೇಲೆ ಅಂಕಿ ತಾನಾಗಿ ಮೂಡುತ್ತದೆ. ಮೊದಲ ಜರಡಿಯಾಗಿ ಇದು ಉಪಯುಕ್ತ. 16 ಎಂದಿರುವ ಗೇಮನ್ನು ಎಂಟು ವರ್ಷದ ಮಗುವಿಗೆ ಕೊಡುವ ಪ್ರಶ್ನೆಯೇ ಏಳಬಾರದು. ಆದರೆ 7 ಎಂದಿರುವ ಗೇಮ್ ಏಳು ವರ್ಷದ ಎಲ್ಲ ಮಕ್ಕಳಿಗೂ ಹೊಂದುತ್ತದೆ ಎಂದು ಆ ಅಂಕಿ ಎಲ್ಲಿಯೂ ಹೇಳುವುದಿಲ್ಲ. ಆ ತೀರ್ಮಾನ ಮನೆಯಲ್ಲೇ ಆಗಬೇಕು.

ಅದು ಹೇಗೆ? ಭಾರತಕ್ಕೇ ನಂಟಿರುವ ಒಂದು ಗೇಮನ್ನು ಹಿಡಿದು ನೋಡಬಹುದು.

2011ರಲ್ಲಿ ಬಂದ ‘ರಿಯಲ್ ಸ್ಟೀಲ್’ ಹಾಲಿವುಡ್ ಸಿನಿಮಾವನ್ನು ನಿರ್ದೇಶಿಸಿದವರು ಶಾನ್ ಲೆವಿ, ನಾಯಕ ಹ್ಯೂ ಜ್ಯಾಕ್‌ಮನ್. ರಿಚರ್ಡ್ ಮ್ಯಾಥಿಸನ್ 1956ರಲ್ಲಿ ಬರೆದ ಸಣ್ಣಕತೆ ಅದರ ಬೀಜ. ಮನುಷ್ಯರ ಬಾಕ್ಸಿಂಗ್ ನಿಂತುಹೋಗಿ ರೋಬೊಗಳು ಅಖಾಡಕ್ಕಿಳಿದಿರುವ ಕಾಲ. ಸಾಲದಲ್ಲಿ ಮುಳುಗಿದ ಮಾಜಿ ಬಾಕ್ಸರ್ ಚಾರ್ಲಿಯ ಬಳಿಗೆ, ತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಗ ಮ್ಯಾಕ್ಸ್ ಬರುತ್ತಾನೆ. ಗುಜರಿಯಲ್ಲಿ ಸಿಕ್ಕ ಆಟಮ್ ಎಂಬ ಹಳೆಯ ರೋಬೊವನ್ನು ಇಬ್ಬರೂ ಸೇರಿ ತಯಾರು ಮಾಡುತ್ತಾರೆ. ಅಮೆರಿಕದಲ್ಲಿ ಈ ಸಿನಿಮಾಕ್ಕೆ ಸಿಕ್ಕಿದ್ದು ‘ಪಿಜಿ-13’. ಎಂದರೆ 13ರ ಒಳಗಿನವರಿಗೆ ಕೆಲವು ಭಾಗಗಳು ಹೊಂದದೇ ಇರಬಹುದು, ಹೆತ್ತವರು ಗಮನಿಸಿ ಎಂಬ ಎಚ್ಚರಿಕೆ.

ಇದೇ ಸಿನಿಮಾದ ಹೆಸರಿನಲ್ಲಿ ಭಾರತದ ರಿಲಯನ್ಸ್ ಗೇಮ್ಸ್ ಕಂಪನಿ ಮೊಬೈಲ್ ಆಟಗಳನ್ನು ಹೊರತಂದಿತು. 2013ರ ‘ರಿಯಲ್ ಸ್ಟೀಲ್ ವರ್ಲ್ಡ್ ರೋಬೋಟ್ ಬಾಕ್ಸಿಂಗ್’ ಅವುಗಳಲ್ಲಿ ಹೆಸರು ಮಾಡಿದ್ದು. ಇಳಿಸಿಕೊಳ್ಳಲು ದುಡ್ಡು ಬೇಕಿಲ್ಲ. ಆಟಮ್, ಜ್ಯೂಸ್, ನಾಯ್ಸಿ ಬಾಯ್, ಮೈಡಾಸ್ ಮುಂತಾದ ರೋಬೊಗಳಲ್ಲಿ ಒಂದನ್ನು ಆರಿಸಿಕೊಂಡು ಗುದ್ದಬೇಕು, ತಡೆಯಬೇಕು, ಎದುರಾಳಿಯನ್ನು ಕೆಡವಬೇಕು. ಗೆದ್ದರೆ ಆಟದೊಳಗಿನ ನಾಣ್ಯ ಸಿಗುತ್ತದೆ. ಆ ನಾಣ್ಯದಿಂದ ರೋಬೊದ ಬಲ ಹೆಚ್ಚಿಸಿಕೊಳ್ಳಬೇಕು, ಹೊಸ ರೋಬೊ ಕೊಳ್ಳಬೇಕು.

ಹಿಂಸೆಯ ಮಟ್ಟಿಗೆ ನೋಡಿದರೆ ಈ ಗೇಮ್ ಸಿನಿಮಾಕ್ಕಿಂತ ಮೃದು. ಸಿನಿಮಾದಲ್ಲಿ ಸಣ್ಣ ಮಕ್ಕಳನ್ನು ಕಲಕುವುದು ರೋಬೊಗಳ ಗುದ್ದಾಟಕ್ಕಿಂತ ಹೆಚ್ಚಾಗಿ ಮನುಷ್ಯರ ನಡತೆ: ದುಡ್ಡಿಗಾಗಿ ಮಗನ ಪಾಲನೆಯ ಹಕ್ಕನ್ನೇ ಬಿಟ್ಟುಕೊಡಲು ಒಪ್ಪುವ ಅಪ್ಪ, ಮಗನ ಕಣ್ಣೆದುರೇ ಆ ಅಪ್ಪನಿಗೆ ಬೀಳುವ ಏಟು. ಗೇಮ್‌ನಲ್ಲಿ ಅದಾವುದೂ ಇಲ್ಲ. ಅಖಾಡವಿದೆ, ನಿಯಮವಿದೆ, ಇಬ್ಬರು ಸ್ಪರ್ಧಿಗಳಿದ್ದಾರೆ. ದಾರಿಹೋಕರಿಲ್ಲ, ಊರು ಸುಡುವುದಿಲ್ಲ. ಕುಸ್ತಿ, ಬಾಕ್ಸಿಂಗ್ ನೋಡುವ ಮನೆಯ ಮಗುವಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಕಡಿಮೆ.

ಆದರೆ ಸಿನಿಮಾದ ಜೀವವೂ ಗೇಮ್‌ಗೆ ಬಂದಿಲ್ಲ. ಸಿನಿಮಾದ ಕೊನೆಯ ಪಂದ್ಯದಲ್ಲಿ ಆಟಮ್ ಗೆಲ್ಲುವುದಿಲ್ಲ. ಅಂಕಗಳ ಲೆಕ್ಕದಲ್ಲಿ ಎದುರಾಳಿ ಜ್ಯೂಸ್ ಗೆಲ್ಲುತ್ತದೆ, ಜನರ ಮನಸ್ಸು ಗೆಲ್ಲುವುದು ಆಟಮ್. ಅಪ್ಪ ಮಗ ಒಬ್ಬರಿಗೊಬ್ಬರು ಸಿಕ್ಕಿರುತ್ತಾರೆ. ಸೋತರೂ ತಲೆಯೆತ್ತಿ ನಿಲ್ಲಬಹುದು ಎಂಬುದನ್ನು ಮಗು ಅಲ್ಲಿ ಕಾಣುತ್ತದೆ. ಗೇಮ್‌ನಲ್ಲಿ ಸೋಲಿಗೆ ಒಂದೇ ಅರ್ಥ: ನಿನ್ನ ರೋಬೊಗೆ ಬಲ ಸಾಲದು, ಇನ್ನಷ್ಟು ನಾಣ್ಯ ತಾ. ನಾಣ್ಯ ಸಾಲದಿದ್ದರೆ ಅಸಲಿ ದುಡ್ಡು ಕೊಟ್ಟೂ ಕೊಳ್ಳಬಹುದು. ಇಂಥ ಗೇಮ್‌ಗಳಲ್ಲಿ ಹೆತ್ತವರು ಕಣ್ಣಿಡಬೇಕಾದ ಜಾಗ ಇದೇ. ಗುದ್ದುವುದಕ್ಕಿಂತ, ಗುದ್ದಾಟದ ನಡುನಡುವೆ ಬರುವ ಅಂಗಡಿ.

ಇಂಥ ಅಂಗಡಿ ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಕಡತಗಳೇ ಸಾಕ್ಷಿ. ಮಕ್ಕಳು ಆಡುತ್ತಾ ಆಡುತ್ತಾ ಹೆತ್ತವರ ಅರಿವಿಲ್ಲದೆ ಮಾಡಿದ ಖರೀದಿಗಳಿಗಾಗಿ 2014ರಲ್ಲಿ ಆಪಲ್ ಕಂಪನಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಬೇಕಾಯಿತು. ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ ಹದಿನೈದು ನಿಮಿಷ ಮತ್ತೆ ಕೇಳದೆ ಖರೀದಿ ನಡೆಯುತ್ತಿತ್ತು ಎಂಬುದೇ ದೂರಿನ ತಿರುಳು. ಅದೇ ವರ್ಷ ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. 2022ರಲ್ಲಿ ‘ಫೋರ್ಟ್‌ನೈಟ್’ ತಯಾರಕರಾದ ಎಪಿಕ್ ಗೇಮ್ಸ್ ಮಕ್ಕಳ ಖಾಸಗಿತನ ಮತ್ತು ದಾರಿ ತಪ್ಪಿಸುವ ಖರೀದಿ ಗುಂಡಿಗಳ ಎರಡು ಪ್ರಕರಣಗಳಲ್ಲಿ ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿತು. ದೊಡ್ಡ ಕಂಪನಿಗಳ ವಿನ್ಯಾಸಕ್ಕೆ ದೊಡ್ಡವರೇ ಎಡವುವಾಗ ಒಂಬತ್ತು ವರ್ಷದ ಮಗು ಎಡವದಿರುವುದು ಹೇಗೆ?

ಎರಡನೆಯ ಉದಾಹರಣೆ ಇನ್ನೊಂದು ಬಗೆಯ ಪ್ರಶ್ನೆ ಎತ್ತುತ್ತದೆ. ಮೈಕೆಲ್ ಬೇ ನಿರ್ದೇಶನದ ‘ಟ್ರಾನ್ಸ್‌ಫಾರ್ಮರ್ಸ್’ ಸಿನಿಮಾ 2007ರಲ್ಲಿ ತೆರೆಕಂಡಿತು. ಅದಕ್ಕೂ ‘ಪಿಜಿ-13’. ಆದರೆ ಅದರ ಆಟಿಕೆಗಳು ಐದಾರು ವರ್ಷದ ಮಕ್ಕಳಿಗೇ ಮಾರಾಟವಾದವು. ಗೊಂಬೆ ಕೈಯಲ್ಲಿ ಹಿಡಿದ ಮಗು ಗೇಮನ್ನೂ ಕೇಳುವುದು ಸಹಜ. ಅದೇ ವರ್ಷ ಆಕ್ಟಿವಿಷನ್ ಹೊರತಂದ ‘ಟ್ರಾನ್ಸ್‌ಫಾರ್ಮರ್ಸ್: ದಿ ಗೇಮ್’ನಲ್ಲಿ ಆಡುವವರಿಗೆ ಎರಡು ಬಣಗಳಿವೆ. ಆಟೋಬಾಟ್‌ಗಳ ಕಡೆ ಸೇರಿದರೆ ಭೂಮಿಯನ್ನು ಕಾಯುವ ಕೆಲಸ. ಡಿಸೆಪ್ಟಿಕಾನ್‌ಗಳ ಕಡೆ ಸೇರಿದರೆ ನಾಶವೇ ಗುರಿ, ಕೊನೆಗೆ ಅವರ ನಾಯಕ ಮೆಗಾಟ್ರಾನ್ ಆಗಿ ಆಪ್ಟಿಮಸ್ ಪ್ರೈಮ್‌ನನ್ನು ಸೋಲಿಸಬೇಕು. 1984ರ ಕಾರ್ಟೂನಿನಿಂದಲೂ ಆಪ್ಟಿಮಸ್‌ಗೆ ದನಿಯಾದ ಪೀಟರ್ ಕಲ್ಲನ್ ಅವರೇ ಈ ಗೇಮ್‌ನಲ್ಲೂ ಮಾತಾಡಿದ್ದಾರೆ. 1986ರ ಮಕ್ಕಳು ಯಾರ ಸಾವನ್ನು ಕಂಡು ಅತ್ತಿದ್ದರೋ ಅವನ ಮೇಲೆ ಇಲ್ಲಿ ಕೈಯೆತ್ತಬೇಕಾದವರು ಆಡುವ ಮಕ್ಕಳೇ.

ಹದಿಮೂರು, ಹದಿನಾಲ್ಕರ ಹುಡುಗ ಹುಡುಗಿಯರಿಗೆ ಖಳನ ಪಾತ್ರವಹಿಸುವುದು ನಾಟಕದಲ್ಲಿ ದುರ್ಯೋಧನನ ವೇಷ ಹಾಕಿದ ಹಾಗೆ. ವೇಷ ಯಾವುದು, ತಾನು ಯಾರು ಎಂಬುದು ಅವರಿಗೆ ಗೊತ್ತು. ಆರು ವರ್ಷದ ಮಗುವಿಗೆ ಆ ಗೆರೆ ಅಷ್ಟು ಸ್ಪಷ್ಟವಲ್ಲ. ನಗರವನ್ನು ಪುಡಿಮಾಡಿದ್ದಕ್ಕೆ ಪರದೆಯ ಮೇಲೆ ಶಭಾಸ್‌ಗಿರಿ ಬಂದರೆ ಅದು ಗೊಂದಲಕ್ಕೆ ಬೀಳಬಹುದು, ಇಲ್ಲವೇ ಪುಡಿಮಾಡುವುದನ್ನಷ್ಟೇ ನೆನಪಿಟ್ಟುಕೊಳ್ಳಬಹುದು. ಗೇಮ್‌ನಲ್ಲಿ ಮಗು ಯಾರಾಗಿ ಆಡುತ್ತದೆ, ಯಾವುದಕ್ಕೆ ಬಹುಮಾನ ಸಿಗುತ್ತದೆ? ವಯಸ್ಸಿನ ಮುದ್ರೆ ಇದಕ್ಕೆ ಉತ್ತರ ಕೊಡದು.

ಸಿನಿಮಾ ಆಧಾರಿತ ಗೇಮ್‌ಗಳಿಗೆ ಮೊದಲಿನಿಂದಲೂ ಒಂದು ಶಾಪವಿದೆ: ಅವಸರ. ಸಿನಿಮಾ ಬಿಡುಗಡೆಯ ದಿನವೋ ಹಬ್ಬದ ಸೀಸನ್ನೋ ತಪ್ಪಬಾರದೆಂದು ಗೇಮನ್ನು ಓಡಿಸಿಕೊಂಡು ಮುಗಿಸುತ್ತಾರೆ. 1982ರಲ್ಲಿ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಸಿನಿಮಾದ ಗೇಮನ್ನು ಅಟಾರಿ ಕಂಪನಿಗಾಗಿ ಹೊವರ್ಡ್ ಸ್ಕಾಟ್ ವಾರ್ಶಾ ಸುಮಾರು ಐದು ವಾರಗಳಲ್ಲಿ ತಯಾರಿಸಬೇಕಾಯಿತು. ಆಡಿದವರು ಆಟದೊಳಗೆ ಹಳ್ಳದಿಂದ ಹಳ್ಳಕ್ಕೆ ಬಿದ್ದು ಬೇಸತ್ತರು. ಮಾರಾಟವಾಗದೆ ಉಳಿದ ಪ್ರತಿಗಳನ್ನು ನ್ಯೂ ಮೆಕ್ಸಿಕೊದ ಆಲಮಗೋರ್ಡೊ ಎಂಬಲ್ಲಿ ಕಸದೊಂದಿಗೆ ಹೂಳಲಾಯಿತು. 2014ರಲ್ಲಿ ಅಗೆದಾಗ ಅವು ಹೊರಬಂದವು.

ಕೆಟ್ಟದಾಗಿ ಮಾಡಿದ ಗೇಮ್ ಬರೀ ಬೇಸರ ತರುತ್ತದೆ ಎಂದುಕೊಂಡರೆ ತಪ್ಪು. 2014ರಲ್ಲಿ ಆ್ಯಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ಸಂಗಡಿಗರು ಆಕ್ಸ್‌ಫರ್ಡ್ ಮತ್ತು ರಾಚೆಸ್ಟರ್ ವಿಶ್ವವಿದ್ಯಾಲಯಗಳಿಂದ ಪ್ರಕಟಿಸಿದ ಸಂಶೋಧನೆ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಗೇಮ್‌ನೊಳಗೆ ಹಿಂಸೆ ಇದೆಯೋ ಇಲ್ಲವೋ ಎಂಬುದಕ್ಕಿಂತ, ಗುಂಡಿಗಳು ಕೈಗೆ ಒಗ್ಗದೆ, ಏನು ಮಾಡಬೇಕೆಂದು ತಿಳಿಯದೆ ಸೋಲುತ್ತಲೇ ಇರುವುದು ಆಡುವವರನ್ನು ಸಿಟ್ಟಿಗೆಬ್ಬಿಸುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು. ಮೊಬೈಲ್ ಎಸೆಯುವ, ತಂಗಿಯ ಮೇಲೆ ಕೂಗಾಡುವ ಮಗುವಿನ ಸಿಟ್ಟು ರೋಬೊಗಳ ಗುದ್ದಾಟದಿಂದ ಬಂದದ್ದೋ, ಗೆಲ್ಲಲಾಗದ ಹಾಗೆ ಮಾಡಿಟ್ಟ ಗೇಮ್‌ನಿಂದ ಬಂದದ್ದೋ ಎಂದು ಹೆತ್ತವರು ನೋಡಬೇಕು. ವಯಸ್ಸಿಗೆ ಮೀರಿ ಕಷ್ಟವಾದ ಗೇಮ್ ಕೂಡ ವಯಸ್ಸಿಗೆ ಒಗ್ಗದ ಗೇಮ್.

ಹಿಂಸೆಯ ಗೇಮ್‌ಗಳು ಮಕ್ಕಳನ್ನು ಹಿಂಸಾತ್ಮಕರನ್ನಾಗಿ ಮಾಡುತ್ತವೆಯೇ ಎಂಬ ಹಳೆಯ ಚರ್ಚೆಯಲ್ಲಿ ವಿಜ್ಞಾನ ಇವತ್ತು ಅತಿರೇಕದ ಮಾತಾಡುತ್ತಿಲ್ಲ. ಇಂಥ ಗೇಮ್‌ಗಳಿಗೂ ಕೂಗಾಟ, ತಳ್ಳಾಟದಂಥ ಆಕ್ರಮಣಶೀಲ ನಡವಳಿಕೆಗೂ ಸಣ್ಣದಾದರೂ ನಂಬಬಹುದಾದ ನಂಟಿದೆ, ಆದರೆ ಗಂಭೀರ ಹಿಂಸಾಕೃತ್ಯಗಳಿಗೆ ಇವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿತು. ಬ್ರಿಟನ್ನಿನ 14, 15 ವರ್ಷದ ಸುಮಾರು ಒಂದು ಸಾವಿರ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನಕ್ಕೆ ಅಂಥ ನಂಟು ಕಾಣಲೇ ಇಲ್ಲ. ಒಂದು ಗೇಮ್ ಆಡಿದ ಮಾತ್ರಕ್ಕೆ ಮಗು ಕೆಟ್ಟುಹೋಯಿತು ಎಂದು ಹೆದರಬೇಕಿಲ್ಲ. ಹಾಗೆಂದು ಈ ಅಧ್ಯಯನ ಹದಿಹರೆಯದವರದು, ಐದಾರು ವರ್ಷದವರದಲ್ಲ ಎಂಬುದನ್ನು ಮರೆಯಲೂಬಾರದು.

ಎಷ್ಟು ಹೊತ್ತು ಎಂಬುದೂ ಅಷ್ಟೇ ಮುಖ್ಯ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆಟದ ಮೇಲಿನ ಹಿಡಿತ ತಪ್ಪಿ ಓದು, ನಿದ್ದೆ, ಸಂಬಂಧಗಳು ಹಾಳಾಗುವ ಸ್ಥಿತಿಯನ್ನು ಅದೇ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್’ ಎಂಬ ಚಿಕಿತ್ಸಾಲಯ ಇದಕ್ಕೆಂದೇ ಕೆಲಸ ಮಾಡುತ್ತಿದೆ. ಆಟ ಬಿಡಿಸಲಾಗದೆ ಕಂಗಾಲಾದ ಕುಟುಂಬಗಳಿಗೆ ಅಲ್ಲಿ ನೆರವು ಸಿಗುತ್ತದೆ.

ಇಷ್ಟೆಲ್ಲ ಆದಮೇಲೆ, ಗೇಮನ್ನು ಅಳೆಯುವ ಕೆಲಸ ಅಷ್ಟೇನೂ ಕಠಿಣವಲ್ಲ. ಮೊದಲು ಪ್ಲೇ ಸ್ಟೋರ್‌ನ ಅಂಕಿಯ ಜತೆಗೆ ಅದರ ಹತ್ತಿರವೇ ಸಣ್ಣಕ್ಷರದಲ್ಲಿರುವ ಜಾಹೀರಾತು ಮತ್ತು ಆ್ಯಪ್‌ನೊಳಗಿನ ಖರೀದಿಯ ಸೂಚನೆಗಳನ್ನು ಓದಬೇಕು. ಆ ಗೇಮ್ ಆಡುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಟ್ರೇಲರ್ ಬಿಟ್ಟು, ಯಾರೋ ನಿಜವಾಗಿ ಆಡುತ್ತಿರುವುದನ್ನು ಹತ್ತು ನಿಮಿಷ ನೋಡಬೇಕು. ಅಮೆರಿಕದ ‘ಕಾಮನ್ ಸೆನ್ಸ್ ಮೀಡಿಯಾ’ದಂಥ ಸಂಸ್ಥೆಗಳು ಗೇಮ್ ಮತ್ತು ಸಿನಿಮಾಗಳನ್ನು ಮಕ್ಕಳ ವಯಸ್ಸಿನ ಪ್ರಕಾರ ವಿಮರ್ಶಿಸುತ್ತವೆ, ಅಲ್ಲಿ ಹೆತ್ತವರ ಮತ್ತು ಮಕ್ಕಳ ಅಭಿಪ್ರಾಯಗಳೂ ಬೇರೆ ಬೇರೆಯಾಗಿ ಇರುತ್ತವೆ.

ಆಮೇಲೆ ಗೇಮನ್ನು ಇಳಿಸಿಕೊಂಡು, ಮಗುವಿಗೆ ಕೊಡುವ ಮುನ್ನ ದೊಡ್ಡವರೇ ಅರ್ಧ ಗಂಟೆ ಆಡಬೇಕು. ಆಡಲು ಬರದಿದ್ದರೂ ಚಿಂತೆಯಿಲ್ಲ, ಸೋಲುವುದೇ ಉಪಯೋಗಕ್ಕೆ ಬರುತ್ತದೆ: ಸೋತಾಗ ಗೇಮ್ ಏನು ಹೇಳುತ್ತದೆ, ಏನು ಮಾರುತ್ತದೆ ಎಂಬುದು ಆಗಲೇ ತಿಳಿಯುವುದು. ಏಟು ತಿಂದ ರೋಬೊ ನರಳುತ್ತದೆಯೇ, ಬೇಡುತ್ತದೆಯೇ? ನಡುವೆ ಮನುಷ್ಯರು ಸಿಕ್ಕಿಕೊಳ್ಳುತ್ತಾರೆಯೇ? ಅಪರಿಚಿತರು ಚಾಟ್‌ನಲ್ಲಿ ಮಾತಾಡಬಹುದೇ? ಎರಡು ಪಂದ್ಯಗಳ ನಡುವೆ ಬರುವ ಜಾಹೀರಾತು ಯಾವುದರದು? ಗೇಮ್ ಮಕ್ಕಳದ್ದಾಗಿದ್ದರೂ ಅದರೊಳಗಿನ ಜಾಹೀರಾತು ದೊಡ್ಡವರದ್ದಾಗಿರುವುದುಂಟು.

ಫೋನಿನಲ್ಲಿ ಮಾಡಬೇಕಾದ ಕೆಲಸವೂ ಇದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಬೇಕು. ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಬಳಸಿದರೆ ಮಗುವಿನ ಖರೀದಿಗೆ ಹೆತ್ತವರ ಒಪ್ಪಿಗೆ ಕಡ್ಡಾಯ ಮಾಡಬಹುದು, ಆಟದ ಹೊತ್ತಿಗೂ ಮಿತಿ ಹಾಕಬಹುದು. ಇಂಟರ್ನೆಟ್ ಇಲ್ಲದೆಯೂ ನಡೆಯುವ ಗೇಮ್ ಆದರೆ ಡೇಟಾ ಆಫ್ ಮಾಡಿ ಕೊಡುವುದು ಇನ್ನೂ ಸುಲಭ. ಮಗು ಆಡಿದ ಮೇಲೆ ಯಾರನ್ನು ಸೋಲಿಸಿದೆ, ಯಾಕೆ ಎಂದು ಕೇಳಬೇಕು. ಕತೆ ಹೇಳಿದರೆ ಒಳ್ಳೆಯದು. ರಾತ್ರಿ ಬೆಚ್ಚಿದರೆ, ಬಿಡು ಎಂದಾಗ ರೇಗಿದರೆ, ದುಡ್ಡಿನ ಮಾತನ್ನೇ ಆಡಿದರೆ ಆ ಗೇಮ್ ಕೆಲವು ವರ್ಷ ಕಾಯಬಹುದು.

ಈ ಅಳತೆಯಲ್ಲಿ ‘ರಿಯಲ್ ಸ್ಟೀಲ್ ವರ್ಲ್ಡ್ ರೋಬೋಟ್ ಬಾಕ್ಸಿಂಗ್’ ಏಳರ ಒಳಗಿನ ಮಕ್ಕಳಿಗೆ ಬೇಡ. ಎಂಟು, ಒಂಬತ್ತರವರು ದೊಡ್ಡವರ ಪಕ್ಕದಲ್ಲಿ ಕುಳಿತು ಆಡಲಿ. ಹತ್ತು ದಾಟಿದವರು, ಖರೀದಿಗೆ ಬೀಗ ಹಾಕಿದ ಫೋನಿನಲ್ಲಿ, ಗೊತ್ತುಮಾಡಿದ ಹೊತ್ತಿನವರೆಗೆ ಆಡಬಹುದು. ‘ಟ್ರಾನ್ಸ್‌ಫಾರ್ಮರ್ಸ್: ದಿ ಗೇಮ್’ ಸಿನಿಮಾದಂತೆಯೇ ಹದಿಮೂರರ ಆಚೆಗಿರಲಿ, ಅದರಲ್ಲೂ ಖಳರ ಬಣದ ಭಾಗ. ಹನ್ನೊಂದು, ಹನ್ನೆರಡರ ಮಕ್ಕಳಿರುವ ಮನೆಯವರು ಗೇಮ್ ಕೊಡುವ ಮೊದಲು ಒಂದು ಭಾನುವಾರ ಅವರ ಜತೆ ಕೂತು ‘ರಿಯಲ್ ಸ್ಟೀಲ್’ ಸಿನಿಮಾ ನೋಡಿ. ಆ ಅಪ್ಪನ ತಪ್ಪುಗಳ ಬಗ್ಗೆ, ಆಟಮ್ ಸೋತೂ ಗೆದ್ದದ್ದರ ಬಗ್ಗೆ ಮಕ್ಕಳೊಡನೆ ಮಾತಾಡಿ. ಆ ಮಾತುಕತೆ ಗೇಮ್‌ನಲ್ಲಿ ಸಿಗುವುದಿಲ್ಲ, ಅದನ್ನು ಕೊಡಬೇಕಾದವರು ನೀವೇ.